ಜೂನ್ ಒಂದರಂದು ಹುಟ್ಟಿದವರು

ನಮ್ಮ ಶಾಲೆಯ ಹಳೆಯ ದಾಖಲಾತಿ ಪುಸ್ತಕವನ್ನು ನಂಬುವುದಾದರೆ ತುಮಕೂರಿನಲ್ಲಿ ಒಂದು ತಲೆಮಾರಿನ ಮುಕ್ಕಾಲು ಪಾಲು ಜನ ಹುಟ್ಟಿದ್ದು ಜೂನ್ ಒಂದನೇ ತಾರೀಕು. ಆ ದಿನ ಊರಿನ ಸೂಲಗಿತ್ತಿಯರಿಗೆ ಕೂತು ಎಲೆಅಡಿಕೆ ಹಾಕಿಕೊಳ್ಳುವುದಕ್ಕೂ ಪುರುಸೊತ್ತು ಸಿಕ್ಕಿರಲಾರದು. ಅಸಲು ವಿಷಯ ಏನೆಂದರೆ ಹೆತ್ತವರಿಗೆ ತಾರೀಕು ಗೊತ್ತಿರುತ್ತಿರಲಿಲ್ಲ. "ಕೆರೆ ಕೋಡಿ ಬಿದ್ದ ವರ್ಷ ಸ್ವಾಮಿ" ಎನ್ನುತ್ತಿದ್ದರು, "ನಮ್ಮ ಕರಿ ಹಸ ಕರ ಹಾಕಿದ ವಾರ" ಎನ್ನುತ್ತಿದ್ದರು. ಮೇಷ್ಟ್ರು ಮಗುವಿನ ಬಲಗೈಯನ್ನು ನೆತ್ತಿಯ ಮೇಲೆ ಹಾಯಿಸಿ ಎಡಗಿವಿ ಮುಟ್ಟಿಸಿ ನೋಡುತ್ತಿದ್ದರು. ಬೆರಳು ಕಿವಿಗೆ ಸಿಕ್ಕಿದರೆ ಶಾಲೆಗೆ ಸೇರುವ ವಯಸ್ಸಾಗಿದೆ ಎಂದು ಲೆಕ್ಕ. ಸಿಗದಿದ್ದರೆ ಬರೋ ವರ್ಷ ಕರ್ಕೊಂಡ್ ಬಾ. ಸಿಕ್ಕಿದವರಿಗೆಲ್ಲ ಜೂನ್ ಒಂದು. ಇಸವಿ ಮಾತ್ರ ಮೇಷ್ಟ್ರ ಮರ್ಜಿ.

ಆ ಮೇಷ್ಟ್ರು ನಮ್ಮಪ್ಪ. ಈಗ ಅದೇ ಶಾಲೆಗೆ ಮುಖ್ಯಶಿಕ್ಷಕಿ ನಾನು. ನಾನು ಹುಟ್ಟಿದ್ದು ಸಂಕ್ರಾಂತಿಯ ಎದುರಿಗೆ, ಅವರೆಕಾಯಿ ಕಾಲದಲ್ಲಿ. ಪುಸ್ತಕದಲ್ಲಿ ನನಗೂ ಜೂನ್ ಒಂದೇ.

ಶಾಲೆಯ ಈಗಿನ ಹೆಸರು ಒಂದು ಉಸಿರಿನಲ್ಲಿ ಹೇಳಿ ಮುಗಿಯುವುದಿಲ್ಲ. ಪೇಟೆಯ ಮುದುಕರು ಇವತ್ತಿಗೂ "ಮಿಡ್ಲ್ ಸ್ಕೂಲು" ಎನ್ನುತ್ತಾರೆ. ಗುಬ್ಬಿ, ಕುಣಿಗಲ್ ಕಡೆಯ ಹುಡುಗರು ಇಲ್ಲಿಗೆ ಬಂದು, ನೆಂಟರ ಮನೆಯ ಜಗುಲಿಯಲ್ಲಿ ಮಲಗಿ, ಏಳನೇ ಕ್ಲಾಸು ಮುಗಿಸಿ ಗುಮಾಸ್ತರಾದರು, ಮೇಷ್ಟ್ರಾದರು. ಮಿಡ್ಲ್ ಸ್ಕೂಲ್ ಪಾಸು ಎಂದರೆ ಹೆಣ್ಣು ಕೊಡುವವರು ಮನೆ ಹುಡುಕಿಕೊಂಡು ಬರುತ್ತಿದ್ದ ಕಾಲ. ಆಮೇಲೆ ಕೆಳಗಿನ ತರಗತಿಗಳನ್ನೂ ಸೇರಿಸಿ ಹಿರಿಯ ಪ್ರಾಥಮಿಕ ಶಾಲೆ ಎಂದರು. ನಾನು ಓದಿ ಹೊರಗೆ ಹೋದ ಮೇಲೆ, ಹೆಣ್ಣುಮಕ್ಕಳು ಜಾಸ್ತಿಯಾದರೆಂದು ಅಂಗಳದ ನಡುವೆ ಗೋಡೆ ಎಬ್ಬಿಸಿ ಬಾಲಕರ ಶಾಲೆ, ಬಾಲಕಿಯರ ಶಾಲೆ ಎಂದು ಎರಡು ಮಾಡಿದರು. ಎರಡು ಗಂಟೆ, ಎರಡು ಧ್ವಜದ ಕಂಬ, ಎರಡು ಅಡುಗೆಮನೆ. ಇತ್ತೀಚೆಗೆ ಕಾನ್ವೆಂಟ್ ವ್ಯಾನುಗಳು ನಮ್ಮ ಗೇಟಿನ ಮುಂದೆಯೇ ನಿಂತು ಮಕ್ಕಳನ್ನು ತುಂಬಿಕೊಂಡು ಹೋಗತೊಡಗಿದ ಮೇಲೆ ಎರಡೂ ಕಡೆ ಬೆಂಚು ಖಾಲಿಯಾದವು. ಗೋಡೆ ಒಡೆಯಿರಿ, ಎರಡೂ ಶಾಲೆ ವಿಲೀನ ಮಾಡಿ, ಪಬ್ಲಿಕ್ ಸ್ಕೂಲ್ ಎಂದು ಹೊಸ ಬೋರ್ಡು ಹಾಕಿ ಎಂದು ಆದೇಶ ಬಂತು. ಕಟ್ಟಿದವರಿಗೂ ಒಡೆಯುವವರಿಗೂ ಒಂದೇ ಸರ್ಕಾರದ ಸಿಮೆಂಟು.

ಬಾಲಕಿಯರ ಶಾಲೆಯಲ್ಲಿ ಬಿಸಿಯೂಟ ಶುರುವಾದ ದಿನದಿಂದ ಅಡುಗೆ ಮಾಡುತ್ತಿದ್ದವಳ ಬಗ್ಗೆ ಹೇಳಬೇಕು. ಅವಳೂ ನಾನೂ ಒಂದೇ ವಾರಿಗೆ. ಅವಳ ತಾಯಿ ನಮ್ಮ ಮನೆಯಲ್ಲಿ ಕಸ ಮುಸುರೆ ಮಾಡುತ್ತಿದ್ದಳು. ನಾನು ಹುಟ್ಟಿದಾಗ ಅಮ್ಮನ ಬಾಣಂತನಕ್ಕೆ ನೀರು ಕಾಯಿಸಿ ಎರೆದವಳು ಅವಳೇ, ಆಗ ಅವಳೂ ನಾಲ್ಕು ತಿಂಗಳ ಬಸುರಿ. ಹಾಗೆ ಹೊಟ್ಟೆಯಲ್ಲಿದ್ದದ್ದೇ ಈ ಅಡುಗೆಯವಳು. ಕಾರಹುಣ್ಣಿಮೆಯ ಆಸುಪಾಸಿನಲ್ಲಿ ಹುಟ್ಟಿದಳು. ನನಗಿಂತ ಐದು ತಿಂಗಳು ಚಿಕ್ಕವಳು. ಇದನ್ನು ಹೇಳುವುದಕ್ಕೆ ನನಗೆ ಯಾವ ಪುಸ್ತಕವೂ ಬೇಕಿಲ್ಲ, ನಮ್ಮಮ್ಮ ಸಾಯುವ ತನಕ ಹೇಳುತ್ತಿದ್ದಳು.

ನಮ್ಮಿಬ್ಬರನ್ನೂ ಶಾಲೆಗೆ ಸೇರಿಸಿದ್ದು ಒಂದೇ ದಿನ. ಅಪ್ಪ ಚೇಳೂರಿನವನು. ನಮ್ಮನ್ನು ತುಮಕೂರಿನ ಮನೆಯಲ್ಲೇ ಬಿಟ್ಟು ಸಿ.ಎಸ್. ಪುರದಲ್ಲಿ ಆರು ವರ್ಷ ಮೇಷ್ಟ್ರಾಗಿದ್ದು, ಯಾರ ಯಾರದೋ ಕಾಲು ಹಿಡಿದು ಆಗಷ್ಟೇ ತುಮಕೂರಿಗೆ ವರ್ಗ ಮಾಡಿಸಿಕೊಂಡಿದ್ದ. ಆ ವರ್ಷ ಎರಡನೇ ಕ್ಲಾಸಿನ ಎರಡನೇ ಸೆಕ್ಷನ್ನಿಗೆ ಒಂದು ತಲೆ ಕಮ್ಮಿಯಾಗಿತ್ತು. ಸೆಕ್ಷನ್ ಮುಚ್ಚಿದರೆ ಕೊನೆಗೆ ಬಂದ ಮೇಷ್ಟ್ರು ಎದ್ದು ಹೋಗಬೇಕು, ಅಂದರೆ ಅಪ್ಪ. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಲ್ಲಿ ಜಾಗ ಖಾಲಿಯಿದೆ ಎಂದು ಹೆಡ್ ಮೇಷ್ಟ್ರು ಆಗಲೇ ಬಾಯಿ ಬಿಟ್ಟಿದ್ದರಂತೆ. ಅಂಥ ಹೊತ್ತಿಗೆ ಮನೆಗೆಲಸದವಳು ಮಗಳ ಕೈ ಹಿಡಿದುಕೊಂಡು, ಒಂದನೇ ಕ್ಲಾಸಿಗೆ ಸೇರಿಸಿಕೊಳ್ಳಿ ಎಂದು ಬಂದು ನಿಂತಳು.

ಹುಡುಗಿಯದು ಉದ್ದ ಕೈ. ಅಪ್ಪ ನೆತ್ತಿಯ ಮೇಲೆ ಹಾಯಿಸಿದರೆ ಬೆರಳು ಕಿವಿ ದಾಟಿ ಕೆನ್ನೆಗೆ ಬಂತು.

"ಇವ್ಳಿಗೆ ಎಂಟು ತುಂಬಿದೆ ಕಣಮ್ಮ. ಎರಡನೇ ಕ್ಲಾಸಿಗೇ ಕೂತ್ಕೊಳ್ಲಿ" ಎಂದ ಅಪ್ಪ.

"ಇಲ್ಲ ಸ್ವಾಮಿ, ನಿಮ್ಮ ಮಗೀಗಿಂತ ಐದ್ ತಿಂಗ್ಳು ಚಿಕ್ಕೋಳು. ಅಮ್ಮಾವ್ರುನ್ನ ಕೇಳಿ."

"ತಾರೀಕು ಬರ್ಕೊಂಡಿದೀಯಾ?"

"ನಂಗೆಲ್ಲಿ ಬರೆಯಾಕ್ ಬತ್ತದೆ ಸ್ವಾಮಿ."

"ಮತ್ತೆ ಸುಮ್ನಿರು. ಒಂದು ಕ್ಲಾಸು ಮುಂದೆ ಹೋಯ್ತಾಳೆ, ನಿಂಗೇ ಲಾಭ."

ಅವಳ ಹೆಸರಿನ ಮುಂದೆ ಎಂಟು ವರ್ಷಕ್ಕೆ ಸರಿಯಾಗುವ ಇಸವಿ ಬಿತ್ತು. ಆರು ತುಂಬಿದ ಹುಡುಗಿ ಅಪ್ಪನ ಪೆನ್ನಿನ ಕೆಳಗೆ ಎರಡು ವರ್ಷ ದೊಡ್ಡವಳಾದಳು. ಅದರ ಮುಂದಿನ ಸಾಲಿನಲ್ಲಿ ನನ್ನ ಹೆಸರು. ಆರೂ ಕಾಲು ದಾಟಿದ್ದ ನನಗೆ ಐದು. ದೊಡ್ಡವಳಾದ ಮೇಲೆ ಸರ್ಕಾರಿ ಕೆಲಸ ಸಿಕ್ಕರೆ ಒಂದೂವರೆ ವರ್ಷ ಸರ್ವಿಸ್ ಜಾಸ್ತಿ ಸಿಗಲಿ ಎಂಬ ಪಿತೃವಾತ್ಸಲ್ಯ. ಊಟಕ್ಕೆ ಕೂತಾಗ ಅಪ್ಪ ಅಮ್ಮನಿಗೆ, "ಒಂದು ತಲೆ ಸಿಕ್ತು ಕಣೇ, ಕೊತ್ತಗೆರೆ ತಪ್ತು" ಎಂದು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಅಮ್ಮ ಅವತ್ತು ಹಪ್ಪಳ ಕರಿದಿದ್ದಳು.

ಒಂದನೇ ಕ್ಲಾಸಿನ ಬೆಂಚನ್ನೇ ಕಾಣದವಳು ಎರಡನೇ ಕ್ಲಾಸಿನಲ್ಲಿ ಏನು ಓದುತ್ತಾಳೆ? ಅಪ್ಪ ಕಾಗುಣಿತ ಕೇಳುತ್ತಿದ್ದ, ಅವಳು ಬಾಯಿ ಬಿಡುತ್ತಿರಲಿಲ್ಲ, ಅಪ್ಪ ಬೆರಳ ಗೆಣ್ಣಿನ ಮೇಲೆ ಹೊಡೆಯುತ್ತಿದ್ದ. "ಎಂಟು ವರ್ಷದ ಕತ್ತೆ, ಅ ಆ ಬರಲ್ಲ" ಎನ್ನುತ್ತಿದ್ದ. ಎಂಟು ಎಂದು ಬರೆದವನು ತಾನೇ ಎಂಬುದನ್ನು ಅಪ್ಪ ಅಷ್ಟು ಬೇಗ ಮರೆತಿದ್ದು ಹೇಗೋ, ಅಥವಾ ತನ್ನ ಅಕ್ಷರವನ್ನೇ ನಂಬಿಬಿಟ್ಟಿದ್ದನೋ. ವರ್ಷದ ಕೊನೆಗೆ ಅವಳನ್ನು ಫೇಲು ಮಾಡಿ ಅಲ್ಲೇ ಕೂರಿಸಿದ. ಮರುವರ್ಷವೂ ತಲೆ ಎಣಿಸಬೇಕಿತ್ತಲ್ಲ. ಅಷ್ಟರಲ್ಲಿ ನಾನೂ ಎರಡನೇ ಕ್ಲಾಸಿಗೆ ಬಂದು ಅವಳ ಪಕ್ಕ ಕೂತೆ. ಅವಳಿಗೆ "ಎಂಟು" ಎಂದು ಅಡ್ಡಹೆಸರಿಟ್ಟವಳು ನಾನು. ಏಳನೇ ಕ್ಲಾಸಿನ ತನಕ ಇಡೀ ಶಾಲೆ ಅವಳನ್ನು "ಏಯ್ ಎಂಟು" ಎಂದೇ ಕರೆಯಿತು. ಅವಳು ಹುಣಸೆಹಣ್ಣಿಗೆ ಉಪ್ಪು ಖಾರ ಹಾಕಿ ಕುಟ್ಟಿ ಕಡ್ಡಿಗೆ ಮೆತ್ತಿ ತಂದರೆ ಮೊದಲ ಪಾಲು ನನ್ನದು, ಹೊಡೆತ ಬೀಳುವಾಗ ಮೊದಲ ನಗುವೂ ನನ್ನದೇ. ಏಳನೇ ಕ್ಲಾಸಿನಲ್ಲಿ ನಪಾಸಾಗಿ ಶಾಲೆ ಬಿಟ್ಟಳು. ನಾನು ಓದಿ, ಟ್ರೈನಿಂಗ್ ಮುಗಿಸಿ, ಗುಬ್ಬಿ ತಾಲ್ಲೂಕೆಲ್ಲ ಸುತ್ತಿ, ಕೊನೆಗೆ ಬಾಲಕಿಯರ ಶಾಲೆಗೆ ಬಂದಾಗ ಅವಳು ಅಲ್ಲಿನ ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತಿದ್ದಳು.

"ಬಂದ್ಯೇನೇ" ಎಂದಳು ಮೊದಲ ದಿನ, ಮುಖವೆಲ್ಲ ಅರಳಿಸಿಕೊಂಡು. ಪಕ್ಕದಲ್ಲಿ ಇಬ್ಬರು ಟೀಚರುಗಳು ಇದ್ದರು. ನಾನು, "ಇಲ್ಲಿ ಮೇಡಂ ಅನ್ನಬೇಕಮ್ಮ" ಎಂದೆ. ಅವಳು ಸೆರಗಿನಿಂದ ಕೈ ಒರೆಸಿಕೊಂಡು, "ತಪ್ಪಾಯ್ತು ಮೇಡಂ" ಎಂದಳು. ಅಂದಿನಿಂದ ಒಂದು ದಿನವೂ ತಪ್ಪಿ ಏಕವಚನ ಆಡಲಿಲ್ಲ.

ಕೆಲಸದಲ್ಲಿ ಅವಳಿಗೆ ಹೆಸರು ಇಡುವ ಹಾಗಿರಲಿಲ್ಲ, ನಾನು ಇಡದೆ ಬಿಡಲಿಲ್ಲ. ಸಾರಿಗೆ ಉಪ್ಪು ಜಾಸ್ತಿ, ಬೇಳೆ ಕಮ್ಮಿ, ಅನ್ನ ಮುದ್ದೆ ಎಂದು ದಿನಕ್ಕೊಂದು ತೆಗೆಯುತ್ತಿದ್ದೆ. ನನ್ನ ಬಾಯಿ ಇಡೀ ತಾಲ್ಲೂಕಿಗೇ ಗೊತ್ತು. ಒಲೆ ಹಚ್ಚಿ, ದೊಡ್ಡ ಪಾತ್ರೆಯಲ್ಲಿ ಕಟ್ಟಿಗೆಯಷ್ಟು ಉದ್ದದ ಸೌಟು ಆಡಿಸಿ ಆಡಿಸಿ ಅವಳ ಬಲಗೈ ಭುಜ ಕೆಟ್ಟುಹೋಗಿತ್ತು. ಗಂಡ ಇದ್ದೂ ಇಲ್ಲದವನು, ಕುಡಿದು ಸಂತೆಯಲ್ಲಿ ಬಿದ್ದಿರುತ್ತಿದ್ದ. ಮಧ್ಯಾಹ್ನ ಮಕ್ಕಳು ಉಂಡ ಮೇಲೆ ಅಲ್ಲೇ ಕೂತು ಅವಳೂ ಉಣ್ಣುತ್ತಿದ್ದಳು. ಆ ಅಡುಗೆಮನೆ ಹೋದರೆ ಅವಳಿಗೆ ಬೇರೆ ಆಸರೆ ಇಲ್ಲ ಎಂಬುದು ಅವಳಿಗಿಂತ ಮೊದಲು ನನಗೆ ಗೊತ್ತಿತ್ತು.

ವಿಲೀನದ ಆದೇಶ ಬಂದಾಗ ಎರಡು ಅಡುಗೆಮನೆಯಿಂದ ಆರು ಜನ ಅಡುಗೆಯವರಾದರು. ಮಕ್ಕಳ ಲೆಕ್ಕಕ್ಕೆ ನಾಲ್ಕು ಜನ ಸಾಕು. ಒಬ್ಬಳು ತಾನಾಗಿ ಬಿಟ್ಟು ಮಗಳ ಮನೆಗೆ ಹೋದಳು. ಇನ್ನೊಬ್ಬಳನ್ನು ಹುಡುಕಬೇಕು. ಅರುವತ್ತು ತುಂಬಿದವರು ಮೊದಲು ಎಂದು ಶಿಕ್ಷಣ ಇಲಾಖೆಯ ಕಚೇರಿಯ ಕೇಸ್ ವರ್ಕರು ಹೇಳಿದ. ಬಾಲಕರ ಶಾಲೆಯ ಅಡುಗೆಯವಳೊಬ್ಬಳಿಗೆ ತಲೆ ಪೂರ್ತಿ ಬೆಳ್ಳಗಾಗಿ, ಬೊಚ್ಚುಬಾಯಿ ಬಿದ್ದು, ನಡು ಬಗ್ಗಿತ್ತು. ಎಲ್ಲರ ಕಣ್ಣೂ ಅವಳ ಮೇಲೆ. ಅವಳು ಶಾಲೆಯ ಮೆಟ್ಟಿಲನ್ನೇ ಹತ್ತಿದವಳಲ್ಲ, ಹಾಗಾಗಿ ಇದ್ದದ್ದು ಆಧಾರ್ ಕಾರ್ಡ್ ಒಂದೇ. ಅದರಲ್ಲಿ ಅವಳಿಗೆ ಐವತ್ತೈದು. ನಮ್ಮವಳ ಆಧಾರಿನಲ್ಲಿ ಐವತ್ತೆಂಟು. ಅದು ಸರಿಯಾಗಿಯೇ ಇತ್ತು.

"ನಿಮ್ಮೋಳು ಓದಿದೋಳಲ್ವಾ ಮೇಡಂ?" ಎಂದ ಕೇಸ್ ವರ್ಕರು. "ಓದಿದ್ದಕ್ಕೆ ಶಾಲೆ ದಾಖಲೆ ಇದ್ರೆ ಅದೇ ಫೈನಲ್. ಎಲ್ಲಿ ಓದಿದ್ದು?"

"ಇಲ್ಲೇ" ಎಂದೆ.

ಬೀರುವಿನಿಂದ ಹಳೇ ದಾಖಲಾತಿ ಪುಸ್ತಕ ತೆಗೆಸಿದೆ. ಅಪ್ಪನ ಗುಂಡು ಅಕ್ಷರ, ನೀಲಿ ಮಸಿ ಇನ್ನೂ ಮಾಸಿರಲಿಲ್ಲ. ಆ ಲೆಕ್ಕದಲ್ಲಿ ಬರುವ ಜೂನ್ ಒಂದಕ್ಕೆ ಅವಳಿಗೆ ಅರುವತ್ತು. ಓದದೇ ಇದ್ದವಳು ಉಳಿದಳು, ಓದಿದವಳು ಹೊರಗೆ. ಅಕ್ಷರ ಕಲಿತರೆ ಬಾಳು ಹಸನಾಗುತ್ತದೆ ಎಂದು ನಮ್ಮ ಶಾಲೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದೇವೆ.

ಎರಡು ದಿನ ಬಿಟ್ಟು ಅವಳು ನನ್ನ ರೂಮಿಗೆ ಬಂದಳು. ಬಾಗಿಲಲ್ಲೇ ನಿಂತಳು.

"ಮೇಡಂ, ನಂಗೆ ಅರವತ್ತು ಅಂತ ಬರ್ದವ್ರಂತೆ."

"ದಾಖಲೆಯಲ್ಲಿ ಹಾಗಿದೆ."

"ದಾಖಲೆ ಇರ್ಲಿ. ನಿಮ್ಗೆ ಗೊತ್ತಲ್ವಾ. ನಮ್ಮವ್ವ ನಿಮ್ಮನ್ನ ಎರ್ದು ತೊಟ್ಲಿಗೆ ಹಾಕ್ತಿದ್ದಾಗ ನಾನು ಹೊಟ್ಟೇಲಿದ್ದೆ. ನಿಮಗಿಂತ ಚಿಕ್ಕೋಳು ನಾನು."

"ನಾನು ಹೇಳಿದ್ರೆ ಆಗುತ್ತಾ?"

"ನೀವು ಹೆಡ್ಡು. ಒಂದ್ ಮಾತು ಬರ್ದು ಕೊಟ್ರೆ ಕೇಳ್ತಾರಂತೆ. ಎರಡ್ ವರ್ಷ ಮೇಡಂ. ಆಮೇಲೆ ನಾನೇ ಹೋಯ್ತೀನಿ."

ನೋಡೋಣ ಎಂದೆ. ಅವಳು ಹೋದ ಮೇಲೆ ಬಾಗಿಲು ಹಾಕಿಕೊಂಡು ಮತ್ತೆ ಆ ಪುಟ ತೆಗೆದೆ. ಅವಳ ಹೆಸರು, ಕೆಳಗೆ ನನ್ನ ಹೆಸರು. ಎರಡು ಸಾಲಿನ ನಡುವೆ ಒಂದು ಬೆರಳೂ ಹಿಡಿಯುವುದಿಲ್ಲ. ಆ ಪುಟದಲ್ಲಿ ಒಂದು ಇಸವಿ ಸುಳ್ಳು ಎಂದು ನಾನು ಬರೆದುಕೊಟ್ಟರೆ, ಯಾವನಾದರೂ ತಲೆಹರಟೆ ಆಫೀಸರು "ಮಿಕ್ಕವೆಲ್ಲ ಸರಿಯಾ?" ಎಂದು ಕೇಳಿದರೆ? ನಿಮಗಿಂತ ಚಿಕ್ಕೋಳು ಎಂದರೆ ನೀವು ಅವಳಿಗಿಂತ ದೊಡ್ಡವರಾ ಮೇಡಂ ಎಂದರೆ? ಅವಳಿಗೆ ಎರಡು ವರ್ಷ ಕೊಡಿಸಲು ಹೋಗಿ ನನ್ನ ಒಂದೂವರೆ ವರ್ಷ ಕಳೆದುಕೊಳ್ಳಬೇಕು. ಮೇಲಿಂದ ಸುಳ್ಳು ಜನ್ಮದಿನಾಂಕದ ಅವಮಾನ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನನ್ನು ಯಾರೂ ಕಳ್ಳಿ ಎಂದಿರಲಿಲ್ಲ, ನಾನೇ ಎರಡೂ ಹೆಗಲು ಮುಟ್ಟಿಕೊಂಡು ಕೂತಿದ್ದೆ.

ಕಚೇರಿಗೆ ಕಳಿಸುವ ಅಡುಗೆಯವರ ಪಟ್ಟಿಯಲ್ಲಿ ಮುಖ್ಯಶಿಕ್ಷಕರ ಅಭಿಪ್ರಾಯ ಎಂದು ಒಂದು ಕಾಲಂ ಇತ್ತು. "ದಾಖಲೆಯಂತೆ ಸರಿ ಇದೆ" ಎಂದು ಬರೆದು ಸೀಲು ಒತ್ತಿದೆ. ಅದೇ ವಾರ ಹೊಸ ಬೋರ್ಡಿನ ಸಮಾರಂಭಕ್ಕೆ ಶಾಲೆಯ ಇತಿಹಾಸ ಒಂದು ಪುಟ ಬರೆದುಕೊಡಿ ಎಂದು ಕೇಳಿದರು. ಸಾವಿರಾರು ಬಡ ಮಕ್ಕಳ ಬಾಳಿಗೆ ಬೆಳಕಾದ ಸಂಸ್ಥೆ ಎಂದು ಅದೇ ಪೆನ್ನಿನಲ್ಲಿ ಬರೆದುಕೊಟ್ಟೆ. ಚೆನ್ನಾಗಿದೆ ಎಂದರು.

ಅವಳನ್ನು ಬಿಡುಗಡೆ ಮಾಡುವ ಆದೇಶ ಮೇ ಕೊನೆಯ ದಿನ ನನ್ನ ಕೈಗೆ ಬಂತು. ಡ್ರಾಯರಿನಲ್ಲಿ ಇಟ್ಟೆ. ಮರುದಿನ ಜೂನ್ ಒಂದು, ಶಾಲೆಯ ಆರಂಭೋತ್ಸವ. ಗೇಟಿಗೆ ಬಾಳೆಕಂದು ಕಟ್ಟಿ, ಮಕ್ಕಳಿಗೆ ಸಿಹಿ ಊಟ ಹಾಕಿ, ಹೂ ಕೊಟ್ಟು ಸ್ವಾಗತಿಸಬೇಕೆಂದು ಸುತ್ತೋಲೆ. ಉಳಿದ ನಾಲ್ವರಲ್ಲಿ ಇಬ್ಬರು ಬಂದಿರಲಿಲ್ಲ. ಬೊಚ್ಚುಬಾಯಿಯವಳಿಗೆ ಅಷ್ಟು ದೊಡ್ಡ ಪಾತ್ರೆ ಎತ್ತಲಾಗುವುದಿಲ್ಲ. ನಮ್ಮವಳು ಯಾರೂ ಕರೆಯದೇ ಬೆಳಿಗ್ಗೆಯೇ ಬಂದು ಪಾತ್ರೆ ತೊಳೆದು, ಶಾವಿಗೆ ಪಾಯಸಕ್ಕೆ ಇಟ್ಟಿದ್ದಳು. ನಾನು ಬರೆದುಕೊಟ್ಟಿರುತ್ತೇನೆ ಎಂದು ನಂಬಿಕೊಂಡಿದ್ದಳು.

ಆಗಲೇ ಹೇಳಬಹುದಿತ್ತು. ಹೇಳಿದರೆ ಪಾಯಸ ಯಾರು ಮಾಡುತ್ತಾರೆ? ಹೊಸ ಬೋರ್ಡು ನೋಡಲು ದೊಡ್ಡವರೆಲ್ಲ ಬರುವವರಿದ್ದರು. ಮಕ್ಕಳು ಉಂಡರು, ಬಂದವರು ಉಂಡರು, ಪಾಯಸ ಪಸಂದಾಗಿದೆ ಎಂದು ನನ್ನನ್ನು ಹೊಗಳಿದರು. ಎಲ್ಲ ಮುಗಿದು, ಅವಳು ಪಾತ್ರೆ ಬೋರಲು ಹಾಕಿ ತಟ್ಟೆಗೆ ಅನ್ನ ಹಾಕಿಕೊಂಡು ಕೂತ ಮೇಲೆ ನಾನು ಆದೇಶದ ಪ್ರತಿ ತೆಗೆದುಕೊಂಡು ಹೋದೆ.

"ಇವತ್ತಿಂದ್ಲೇ ಅಂತ ಬಂದಿದೆ" ಎಂದೆ. "ಸೈನ್ ಹಾಕು."

ಅವಳು ಎಡಗೈಯಲ್ಲಿ ಕಾಗದ ತೆಗೆದುಕೊಂಡು ನಿಧಾನವಾಗಿ, ಅಕ್ಷರ ಅಕ್ಷರ ಕೂಡಿಸಿ ಓದಿದಳು. ಕಾಗುಣಿತ ನಮ್ಮಪ್ಪನೇ ಹೊಡೆದು ಕಲಿಸಿದ್ದು.

"ಬೆಳಿಗ್ಗೇನೇ ಗೊತ್ತಿತ್ತಾ ಮೇಡಂ?"

"ನಿನ್ನೆ ಬಂತು."

"ಪಾಯಸ ಆಗ್ಲಿ ಅಂತ ಕಾದಿದ್ರಾ."

ನಾನು ಪೆನ್ನು ಮುಂದೆ ಹಿಡಿದೆ. ಅವಳು ಕೈ ತೊಳೆದು ಬಂದು ಸಹಿ ಹಾಕಿದಳು. ತಟ್ಟೆಯಲ್ಲಿದ್ದ ಅನ್ನವನ್ನು ಹೊರಗೆ ನಾಯಿಗೆ ಸುರಿದು, ತಟ್ಟೆ ತೊಳೆದು ಜಾಗಕ್ಕೆ ಇಟ್ಟು ಹೋದಳು.

ಒಂದು ತಿಂಗಳ ಮೇಲೆ ಬೇರೆ ಕೆಲಸಕ್ಕೆಂದು ಕಚೇರಿಗೆ ಹೋಗಿದ್ದಾಗ ಅದೇ ಕೇಸ್ ವರ್ಕರು ಟೀ ಕುಡಿಯುತ್ತಾ, "ಆಯಮ್ಮನ್ನ ನೀವು ಉಳಿಸ್ಕೋತೀರ ಅಂತಿದ್ದೆ ಮೇಡಂ. ಹೆಡ್ಡು ಒಂದ್ ಸಾಲು ಬರ್ದಿದ್ರೆ ಸಾಹೇಬ್ರು ಆಧಾರ್ ತಗೋತಿದ್ರು" ಎಂದ. ಸುಮ್ಮನೆ ಯಾರದೋ ಮಾತೆಂಬಂತೆ, ನಮ್ಮಂಥವರ ಹುಟ್ಟಿದ ತಾರೀಕಿಗೆ ಹಾಗೆ ತಕರಾರು ಬಂದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಅವನು ನಕ್ಕ. "ನಿಮ್ದು ಸರ್ವಿಸ್ ಪುಸ್ತಕದಲ್ಲಿ ಬಿದ್ದಿದ್ದು. ಬ್ರಹ್ಮ ಬಂದ್ರೂ ತಿದ್ದಾಕಾಗಲ್ಲ ಬುಡಿ." ಅಂದರೆ ನನ್ನ ಒಂದೂವರೆ ವರ್ಷಕ್ಕೆ ಏನೂ ಆಗುತ್ತಿರಲಿಲ್ಲ. ನಮ್ಮಪ್ಪನಾದರೂ ಕೊತ್ತಗೆರೆ ತಪ್ಪಿಸಿಕೊಂಡ. ನಾನು ತಪ್ಪಿಸಿಕೊಂಡಿದ್ದು ಏನನ್ನು ಎಂದು ಬಸ್ಸಿನಲ್ಲಿ ಬರುವಾಗ ಲೆಕ್ಕ ಹಾಕಿದೆ. ನಾಚಿಕೆಯಾಯಿತು. ಮಾರನೆಯ ದಿನ ಅವಳ ಮನೆಗೆ ಹೋಗಬೇಕೆಂದುಕೊಂಡೆ, ಹೋಗಲಿಲ್ಲ.

ಅವಳು ಗುಬ್ಬಿ ಕಡೆ ಅಡಿಕೆ ಸುಲಿಯಲು ಹೋಗುತ್ತಿದ್ದಳಂತೆ. ಭುಜ ಏಳದೆ ಅದೂ ನಿಂತಿತು. ಅರುವತ್ತಾಯಿತು ಎಂದು ಸರ್ಕಾರವೇ ಹೇಳಿದೆಯಲ್ಲ ಎಂದು ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಾಕಿದಳು. ಅದಕ್ಕೆಂದು ನನ್ನ ಹತ್ತಿರ ವ್ಯಾಸಂಗ ಪ್ರಮಾಣಪತ್ರ ಬರೆಸಿಕೊಂಡು ಹೋದಳು. ಆಗಲೂ ಮೇಡಂ ಎಂದೇ ಮಾತಾಡಿಸಿದಳು.

ಈ ವರ್ಷದ ಜೂನಿನಲ್ಲಿ ನಾನು ಜಗುಲಿಯಲ್ಲಿ ಮೇಜು ಹಾಕಿಕೊಂಡು ದಾಖಲಾತಿ ಮಾಡುತ್ತಿದ್ದೆ. ಈಗ ಕಿವಿ ಮುಟ್ಟಿಸುವ ಕಾಲವಲ್ಲ. ಆಧಾರ್ ನಂಬರು ಕುಟ್ಟಿದರೆ ವಯಸ್ಸನ್ನು ಕಂಪ್ಯೂಟರೇ ಹೇಳುತ್ತದೆ. ತಾಯಂದಿರು ಮಕ್ಕಳನ್ನು ಹಿಡಿದುಕೊಂಡು ಸಾಲಾಗಿ ನಿಂತಿದ್ದರು. ಸಾಲಿನ ಪಕ್ಕದಿಂದ ಅವಳು ಬಂದು ಪ್ರಮಾಣಪತ್ರವನ್ನು ನನ್ನ ಮೇಜಿನ ಮೇಲೆ ವಾಪಸ್ ಇಟ್ಟಳು. ಒಂದು ವರ್ಷದಲ್ಲಿ ಸೊರಗಿ ಹೋಗಿದ್ದಳು.

"ಇದು ಬೇಡ್ವಂತೆ. ಕಂಪ್ಯೂಟ್ರು ಆಧಾರ್ ಒಂದೇ ನೋಡ್ತದಂತೆ. ಅದ್ರಲ್ಲಿ ನಂಗೆ ಐವತ್ತೊಂಬತ್ತು. ವಯಸ್ಸಾಗಿಲ್ಲ ಅಂದ್ರು."

"ಬರೋ ವರ್ಷ ಹಾಕು" ಎಂದೆ.

ಅವಳು ಹೋಗಲಿಲ್ಲ. ಸಾಲಿನಲ್ಲಿದ್ದ ಪುಟ್ಟ ಮಕ್ಕಳನ್ನು ನೋಡುತ್ತಾ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಬಲಗೈ ಎತ್ತಿ ನೆತ್ತಿಯ ಮೇಲೆ ಹಾಯಿಸಲು ನೋಡಿದಳು. ಭುಜ ಕಟಕ್ಕೆಂದಿತು, ಕೈ ಬೈತಲೆಯವರೆಗೂ ಬರಲಿಲ್ಲ. ಎಡಗೈಯಲ್ಲಿ ಮೊಣಕೈ ಹಿಡಿದು ನೂಕಿದಳು, ಆಗಲೂ ಬೆರಳು ಕಿವಿಯಿಂದ ಗೇಣು ದೂರದಲ್ಲೇ ನಿಂತವು.

"ನೋಡೇ" ಎಂದಳು, ಎಲ್ಲರ ಎದುರಿಗೆ, ಅದೇ ಹಳೇ ಏಕವಚನದಲ್ಲಿ. "ಮುಟ್ಟಾಕಿಲ್ಲ. ನಂಗಿನ್ನೂ ಸ್ಕೂಲಿಗೆ ಸೇರೋ ವಯಸ್ಸೇ ಆಗಿಲ್ಲ ಕಣೇ. ನಿಮ್ಮಪ್ಪ ಇದ್ದಿದ್ರೆ ವಾಪಸ್ ಕಳಿಸ್ತಿದ್ರು."

ಸಾಲಿನಲ್ಲಿದ್ದ ಹೆಂಗಸರು ನಕ್ಕರು, ತಮಾಷೆ ಎಂದುಕೊಂಡು. ಅವಳೂ ನಕ್ಕಳು. ನನಗೆ ಇನ್ನೂ ಎರಡು ವರ್ಷ ಸರ್ವಿಸ್ ಇದೆ. ಪ್ರಮಾಣಪತ್ರವನ್ನು ಫೈಲಿಗೆ ಸೇರಿಸಿ, ಕಂಪ್ಯೂಟರಿನ ಕಡೆ ತಿರುಗಿಕೊಂಡು, "ಮುಂದಿನವರು ಬನ್ನಿ" ಎಂದೆ.